ಅಂತರ್ಜಾಲದಲ್ಲಿ ಅಪಹೃತ ಕೃತಿ
(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಲೇಖಕನ ಅನುಮತಿಯಿಲ್ಲದೆ ಅವನ ಬರಹವನ್ನು ಅಂತರ್ಜಾಲದಲ್ಲಿ ಮರುಪ್ರಕಟಿಸುವ ಪ್ರವೃತ್ತಿಯನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದರು. ಇದನ್ನು ಬೆಂಗಳೂರಿನ ಸಭೆಯೊಂದರಲ್ಲಿ ಹೇಳುವುದಕ್ಕೂ ಮುಂಬಯಿಯಲ್ಲಿ ಹೇಳುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ಪುಸ್ತಕ ಬೇಕೆಂದವನು ಅಂಗಡಿಗೆ ನಡೆದುಹೋಗಬಹುದು. ಇಲ್ಲಿಯ ಓದುಗನಿಗೆ ಕಾದಂಬರಿಯೊಂದು ಬೇಕಾದರೆ, ಊರಿಗೆ ಹೋದವರು ಯಾರಾದರೂ ತಂದುಕೊಡುವವರೆಗೆ ಕಾಯದೆ ಗತ್ಯಂತರವಿರಲಿಲ್ಲ. ಮುದ್ರಣ ಮುಗಿದ ಪುಸ್ತಕವಾದರಂತೂ ಕಾದೂ ಪ್ರಯೋಜನವಿರಲಿಲ್ಲ. ಈಗ ಯಾರೋ ಅಪರಿಚಿತರು ಅದರ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿರುತ್ತಾರೆ; ವಾಟ್ಸಾಪಿನ ಮೂಲಕ ಪಿಡಿಎಫ್ ರೂಪದಲ್ಲಿ ಕ್ಷಣಾರ್ಧದಲ್ಲಿ ಅದು ನಮ್ಮ ಕೈ ಸೇರುತ್ತದೆ. ಹಸಿದ ಆ ಓದುಗನನ್ನು ಕಳ್ಳನೆಂದು ಜರೆಯಲು ನಾನು ಸಿದ್ಧನಿಲ್ಲ. ಆದರೆ ಆ ಪುಸ್ತಕದ ಲೇಖಕ ಇನ್ನೂ ಬದುಕಿರಬಹುದು, ಅವನ ಮನೆ ಇದೇ ಊರಿನಲ್ಲಿರಬಹುದು ಎಂಬುದನ್ನೂ ಮರೆಯಲಾರೆ.

ಪ್ರೀತಿಯಿಂದ ನಡೆದ ಅತಿಕ್ರಮಣವೂ ಉಂಟು. ಎರಡು ಸಾವಿರದ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಲಕ್ಷಾಂತರ ಗ್ರಂಥಗಳನ್ನು ಸ್ಕ್ಯಾನ್ ಮಾಡಿಸಿತು. ಅಲಭ್ಯವಾಗಿದ್ದ ಎಷ್ಟೋ ಕನ್ನಡ ಕೃತಿಗಳು ಅದರಿಂದ ನಮಗೆ ದಕ್ಕಿದವು. ಹಕ್ಕಿನ ಅವಧಿ ಮುಗಿಯದ ಕೃತಿಗಳೂ ಅದರಲ್ಲಿ ಸೇರಿಹೋಗಿದ್ದವು. ಕಡೆಗೆ ಕೃತಿಸ್ವಾಮ್ಯದ ತಕರಾರಿನಿಂದ ಆ ತಾಣ ಸಾರ್ವಜನಿಕರಿಗೆ ಮುಚ್ಚಿತು. ಅಲ್ಲಿಯ ಬಹಳಷ್ಟು ಪ್ರತಿಗಳು ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಇಲ್ಲಿ ಪುಸ್ತಕದ ಮುಖಪುಟ, ಲೇಖಕನ ಹೆಸರು, ಪ್ರಕಾಶಕರ ವಿಳಾಸ ಎಲ್ಲವೂ ಇದ್ದ ಹಾಗೆಯೇ ಇವೆ. ಕಥೆಯೊಂದರ ಶೀರ್ಷಿಕೆ ಬದಲಿಸಿ, ಹೆಸರು ಅಳಿಸಿ, ನಡುವೆ ಜಾಹೀರಾತು ತುರುಕಿ ಹಣ ಮಾಡಿಕೊಳ್ಳುವವನನ್ನು ಇದೇ ತಕ್ಕಡಿಯಲ್ಲಿ ತೂಗಲಾಗದು. ಕಾನೂನು ಇಬ್ಬರನ್ನೂ ಅತಿಕ್ರಮಣಕಾರರೆಂದೇ ಕರೆದೀತು. ನಾವು ಮೊದಲನೆಯವನಿಗೆ ಪತ್ರ ಬರೆಯಬೇಕು, ಎರಡನೆಯವನ ಮೇಲೆ ದೂರು ಕೊಡಬೇಕು.

ಯಾವ ಕೃತಿ ಮುಕ್ತ, ಯಾವುದು ಅಲ್ಲ? 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಜೀವಿತಾವಧಿ, ಅನಂತರ ಅವನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳು 1991ರ ಕೊನೆಗೆ ಮುಕ್ತವಾಗಲಿದ್ದಾಗ ಸರಕಾರ 10 ವರ್ಷ ಹೆಚ್ಚಿಸಿತು. 1946ರಲ್ಲಿ ಕಾಲವಾದ ಬಿ.ಎಂ.ಶ್ರೀ. ಅವರ ಕೃತಿಗಳನ್ನು ಯಾರು ಬೇಕಾದರೂ ಪ್ರಕಟಿಸಬಹುದು. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೆ ಇದೆ. ಬೇಂದ್ರೆಯವರದು 2041ರವರೆಗೆ, ನಮ್ಮ ಮುಂಬಯಿಯ ಯಶವಂತ ಚಿತ್ತಾಲರದು 2074ರವರೆಗೆ. ಪ್ರತಿದಿನ ಬೆಳಗ್ಗೆ ಕಗ್ಗದ ಒಂದು ಪದ್ಯಕ್ಕೆ ತಮ್ಮ ವ್ಯಾಖ್ಯಾನ ಸೇರಿಸಿ ಕಳುಹಿಸುವ ಮಿತ್ರರು ಗಾಬರಿಯಾಗಬೇಕಿಲ್ಲ. ವಿಮರ್ಶೆಗೂ ವಿವೇಚನೆಗೂ ಕಾಯಿದೆ ಅವಕಾಶವಿತ್ತಿದೆ. 945 ಪದ್ಯಗಳನ್ನೂ ಎತ್ತಿ ಜಾಲತಾಣದಲ್ಲಿ ಹಾಕುವುದು ಬೇರೆ ಮಾತು. (ಕಳುಹಿಸುವ ಮುನ್ನ ಒಮ್ಮೆ ಪುಸ್ತಕ ತೆರೆದು ಪಾಠ ಸರಿಯಿದೆಯೇ ಎಂದು ನೋಡಿದರೆ ಡಿ.ವಿ.ಜಿ.ಯವರಿಗೆ ಉಪಕಾರವಾದೀತು.)

ಹಕ್ಕು ಯಾರದೆಂಬುದು ಇನ್ನೊಂದು ತೊಡಕು. ನಮ್ಮ ಎಷ್ಟೋ ಲೇಖಕರ ಒಪ್ಪಂದಗಳು ಬಾಯಿಮಾತಿನವು. ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೇ ಲೆಕ್ಕ. ಕರಾರಿನ ಕಾಲದಲ್ಲಿ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ಸ್ಪಷ್ಟವಾಗಿ ಹೆಸರಿಸದ ಹೊರತು, ಆ ಕರಾರು ಅನ್ವಯಿಸದೆಂದು 2012ರ ತಿದ್ದುಪಡಿ ಹೇಳುತ್ತದೆ. ಲೇಖಕ ತೀರಿಕೊಂಡಿದ್ದರೆ ಪ್ರಶ್ನೆ ಉಯಿಲಿಗೆ ಹೋಗಿ ನಿಲ್ಲುತ್ತದೆ. ಶಿವರಾಮ ಕಾರಂತರು 1997ರಲ್ಲಿ ಕಾಲವಾದರು. 2001ರಲ್ಲಿ ದೆಹಲಿಯಲ್ಲಿ ನಡೆದ ‘ಅಭಿಮನ್ಯು ವಧೆ’ ಯಕ್ಷಗಾನ ಪ್ರದರ್ಶನದಿಂದ ಹುಟ್ಟಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಕಾರಂತರ ಉಯಿಲಿನ ಮಾತುಗಳನ್ನು ಹೇಗೆ ಅರ್ಥೈಸಬೇಕೆಂಬುದೇ ಅಲ್ಲಿಯ ಬಹುಮುಖ್ಯ ಜಿಜ್ಞಾಸೆ. ಹಕ್ಕು ಮಾಲಿನಿ ಮಲ್ಯರಿಗೆ ಸೇರಿದ್ದೆಂದು ಒಪ್ಪಿದ ನ್ಯಾಯಾಲಯ, ಕಾಯಿದೆಯ ವಿನಾಯಿತಿಗಳೊಳಗೆ ಬರುವ ಪ್ರದರ್ಶನಗಳಿಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಕಾರಂತರಂಥವರ ಉಯಿಲಿಗೇ ಇಷ್ಟು ಅರ್ಥಶೋಧನೆ ಬೇಕಾಗಿದ್ದರೆ, ಉಯಿಲನ್ನೇ ಬರೆಯದೆ ಹೋದ ನಮ್ಮ ಲೇಖಕರ ಮಕ್ಕಳ ಪಾಡೇನು?

ಈಗ ದೂರಿನ ಮಾತು. ಮೊದಲು ಸಾಕ್ಷ್ಯ. ತಾಣದ ಪೂರ್ಣ ವಿಳಾಸ ಮತ್ತು ದಿನಾಂಕ ಕಾಣುವಂತೆ ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಬೇಕು; ಸಿಟ್ಟಿನಲ್ಲಿ ಮೊದಲೇ ಪತ್ರ ಬರೆದರೆ ಆತ ಪುಟವನ್ನು ಅಳಿಸಿ ಇನ್ನೊಂದೆಡೆ ಏರಿಸುತ್ತಾನೆ. ನ್ಯಾಯಾಲಯಕ್ಕೆ ಹೋಗುವುದಾದರೆ ಇಂಥ ಪ್ರತಿಯೊಡನೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವೂ ಬೇಕು. ಬಳಿಕ ಆ ಬರಹವನ್ನು ಇರಿಸಿಕೊಂಡಿರುವ ಸಂಸ್ಥೆಗೆ ಲಿಖಿತ ದೂರು. 2013ರ ಕೃತಿಸ್ವಾಮ್ಯ ನಿಯಮಗಳ 75ನೆಯ ನಿಯಮದಂತೆ, ದೂರು ಸಮರ್ಪಕವೆಂದು ಕಂಡರೆ ಆ ಸಂಸ್ಥೆ 36 ಗಂಟೆಗಳೊಳಗೆ ಬರಹ ಜನರಿಗೆ ದೊರೆಯದಂತೆ ಮಾಡಬೇಕು. ಕೇಳಲು ಇದು ಎಷ್ಟು ಹಿತವಾಗಿದೆ! ಆದರೆ ಈ ತಡೆ 21 ದಿನಗಳದು ಮಾತ್ರ. ಅಷ್ಟರೊಳಗೆ ದಾವೆ ಹೂಡಿ ನ್ಯಾಯಾಲಯದ ಆದೇಶ ತಂದೊಪ್ಪಿಸುವೆನೆಂದು ಲೇಖಕನೇ ದೂರಿನಲ್ಲಿ ಮುಚ್ಚಳಿಕೆ ಬರೆದುಕೊಡಬೇಕು. ತರದಿದ್ದರೆ ಬರಹ ಮತ್ತೆ ಜಾಲಕ್ಕೆ ಮರಳಬಹುದು.

200 ರೂಪಾಯಿಯ ಪುಸ್ತಕ 500 ಪ್ರತಿ ಮಾರಾಟವಾಗಿ, ಶೇಕಡಾ 10ರಂತೆ ಗೌರವಧನ ಬಂದರೆ ಲೇಖಕನ ಕೈಗೆ 10,000 ರೂಪಾಯಿ. ವಕೀಲರ ಮೊದಲ ಭೇಟಿಗೇ ಅದು ಸಾಲದೆ ಹೋಗಬಹುದು. ನಿಯಮ ಮಾಡಿದವರ ಕಣ್ಣೆದುರು ಇದ್ದದ್ದು ದೊಡ್ಡ ಚಿತ್ರನಿರ್ಮಾಪಕರಿರಬೇಕು, ಸಣ್ಣ ಭಾಷೆಯ ಕಥೆಗಾರನಲ್ಲ. ಆದರೂ ಎರಡು ಅನುಕೂಲಗಳನ್ನು ಬಲ್ಲವರು ಕಡಿಮೆ. ಕಾಯಿದೆಯ 62ನೆಯ ಕಲಮಿನಂತೆ ಲೇಖಕ ತಾನು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದು; ಕಳ್ಳನ ಊರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಾಣ ಅಮೆರಿಕದ ಸಂಸ್ಥೆಯದಾಗಿದ್ದರೆ ಅಲ್ಲಿಯ 1998ರ ಡಿಜಿಟಲ್ ಮಿಲೆನಿಯಂ ಕಾಯಿದೆಯನ್ವಯ, ವಕೀಲರ ನೆರವಿಲ್ಲದೆ, ಲೇಖಕನೇ ನೋಟೀಸು ಕಳುಹಿಸಬಹುದು. ಏರಿಸಿದವನು ಪ್ರತಿ ನೋಟೀಸು ಕೊಟ್ಟರೆ ಮಾತ್ರ ಮೊಕದ್ದಮೆಯ ಮಾತು ಬರುತ್ತದೆ. ಹೆಸರಿಲ್ಲದ ಕಳ್ಳನೂ ಸಿಕ್ಕಿಬೀಳಬಲ್ಲ. ತನ್ನ ಪಠ್ಯಸಾಮಗ್ರಿಯನ್ನು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚಲಾಗುತ್ತಿದೆಯೆಂದು ನೀತು ಸಿಂಗ್ ಎಂಬ ಲೇಖಕಿ ಹೂಡಿದ ದಾವೆಯಲ್ಲಿ, ಆ ಚಾನೆಲ್ ನಡೆಸುವವರ ವಿವರಗಳನ್ನು ಒಪ್ಪಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ಆದೇಶಿಸಿತು. ಸರ್ವರು ಸಿಂಗಪುರದಲ್ಲಿದೆ ಎಂಬ ಸಬೂಬು ನಡೆಯಲಿಲ್ಲ.

ಹಣದ ನಷ್ಟವನ್ನು ಕನ್ನಡ ಲೇಖಕ ಹೇಗೋ ಸಹಿಸಿಯಾನು, ಅಭ್ಯಾಸವಾಗಿಬಿಟ್ಟಿದೆ. ಹೆಸರು ಅಳಿಸಿದ್ದನ್ನು, ವಾಕ್ಯ ತಿರುಚಿದ್ದನ್ನು ಅವನು ಸಹಿಸಲಾರ. 57ನೆಯ ಕಲಮು ಈ ನೋವನ್ನು ಬಲ್ಲದು: ಹಕ್ಕುಗಳನ್ನೆಲ್ಲ ಮಾರಿದ ಮೇಲೆಯೂ ಕೃತಿ ತನ್ನದೆಂದು ಸಾರುವ, ಮಾನಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ವಿಶೇಷಾಧಿಕಾರ ಲೇಖಕನಿಗಿದೆ. ಹಿಂದಿಯ ಮನ್ನೂ ಭಂಡಾರಿಯವರು ‘ಆಪ್ ಕಾ ಬಂಟಿ’ ಕಾದಂಬರಿಯ ಚಿತ್ರದ ಹಕ್ಕನ್ನು ಮಾರಿದ ಬಳಿಕವೂ ಇದೇ ಕಲಮನ್ನು ಆಧರಿಸಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಕರಾರಿಗಿಂತ ಈ ಅಧಿಕಾರ ಮೇಲಿನದೆಂದು 1986ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು.

ಹೊರನಾಡ ಸಂಘಗಳ ಬಳಿ ಇಂಥ ಲೇಖಕನಿಗೆ ಬೇಕಾದ ವಸ್ತುವೊಂದಿದೆ: ಹಳೆಯ ಸಂಚಿಕೆಗಳು. ಕಥೆ ಮೊದಲು ಎಲ್ಲಿ, ಯಾವ ತಿಂಗಳು, ಯಾರ ಹೆಸರಿನಲ್ಲಿ ಅಚ್ಚಾಯಿತು ಎಂಬುದಕ್ಕೆ ನಮ್ಮ ಕಪಾಟಿನ ಆ ಹರಿದ ಪ್ರತಿಯೇ ಸಾಕ್ಷಿ. ಲೇಖಕರು ಕೇಳಿದಾಗ ಅದರ ದೃಢೀಕೃತ ನಕಲನ್ನು ಕೊಡುವ ಹೊಣೆಯನ್ನು ಸಂಘದ ಗ್ರಂಥಪಾಲಕರಿಗೆ ವಹಿಸಬೇಕು. ಅದೇ ಸಂಚಿಕೆಗಳನ್ನೂ ಸ್ಮರಣ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿ ಜಾಲಕ್ಕೇರಿಸುವ ಯೋಜನೆ ನಮ್ಮ ಕಾರ್ಯಕಾರಿ ಸಮಿತಿಯ ಮುಂದಿದೆ. ಸ್ವಾಗತಾರ್ಹ; ದೂರದ ಓದುಗನ ಹಸಿವಿಗೆ ಅದೇ ಸರಿಯಾದ ಅನ್ನ. ಆದರೆ ಅಲ್ಲಿ ಬರೆದವರು ಸಂಘದ ನೌಕರರಲ್ಲ. ಪ್ರೀತಿಯಿಂದ ಒಮ್ಮೆ ಅಚ್ಚಿಗೆ ಕೊಟ್ಟವರು. ಲಿಖಿತ ವರ್ಗಾವಣೆ ಇಲ್ಲದೆಡೆ ಆ ಬರಹಗಳ ಹಕ್ಕು ಅವರಲ್ಲಿ ಅಥವಾ ಅವರ ವಾರಸುದಾರರಲ್ಲಿ ಉಳಿದಿದೆ. ಒಂದೊಂದು ಬರಹಕ್ಕೂ ಒಂದೊಂದು ಪತ್ರ ಹೋಗಬೇಕು, ಉತ್ತರ ಬಂದ ಮೇಲೆ ಏರಿಸಬೇಕು. ವಿಳಾಸ ಪತ್ತೆಯಾಗದವರ ಹೆಸರುಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಿದರೆ, ಪುಣೆ, ಚೆನ್ನೈ, ಹೈದರಾಬಾದುಗಳ ಸಂಘಗಳಲ್ಲಿ ಅವರ ಮಕ್ಕಳನ್ನು ಬಲ್ಲವರು ಯಾರಾದರೂ ಇದ್ದಾರು. ಅನುಮತಿ ಕೋರುವ ಪತ್ರದ ಕರಡೊಂದನ್ನು ಸಿದ್ಧಪಡಿಸಿ ತಂದಿದ್ದೇನೆ, ಕಾರ್ಯದರ್ಶಿಗಳು ಸ್ವೀಕರಿಸಬೇಕು.