ಮಗಳ ಡಿಗ್ರಿ ಮುಗಿಯಿತು, ಮುಂದೆ?

(ಮಹಿಳಾ ಸ್ವಸಹಾಯ ಸಂಘಗಳ ವಲಯ ಮಟ್ಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ಬೆಳಗ್ಗಿನ ಅಡುಗೆ, ಹಟ್ಟಿಯ ಕೆಲಸ ಎಲ್ಲ ಮುಗಿಸಿ, ಎರಡೆರಡು ಬಸ್ಸು ಬದಲಿಸಿ ನೀವು ಇಲ್ಲಿಗೆ ಬಂದಿದ್ದೀರಿ. ಉಳಿತಾಯ, ಆಂತರಿಕ ಸಾಲ, ಲೆಕ್ಕಪುಸ್ತಕ ಇವುಗಳ ಬಗ್ಗೆ ನಾವು ಹಲವು ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಡಿಗ್ರಿ ಮುಗಿಸಿದ ನಮ್ಮ ಹೆಣ್ಣುಮಕ್ಕಳು ಆಮೇಲೆ ಎಲ್ಲಿಗೆ ಹೋಗುತ್ತಾರೆ, ಎಂತ ಆಗುತ್ತಾರೆ ಎಂಬುದು.

ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣ ಉಂಟು. ಹಿಂದೊಂದು ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ನಮ್ಮನ್ನು ಕೇಳಿದರು: "ಸಿಸ್ಟರ್, ಮೂರು ವರ್ಷ ಬೀಡಿ ಕಟ್ಟಿ ಮಗಳನ್ನು ಬಿ.ಎ. ಓದಿಸಿದೆ. ಸಂಘದಿಂದ ಎರಡು ಸಲ ಸಾಲ ತೆಗೆದೆ. ಪಾಸಾಗಿ ಒಂಬತ್ತು ತಿಂಗಳಾಯ್ತು. ಈಗ ಅವಳೂ ನನ್ನ ಹತ್ತಿರವೇ ಕೂತು ಬೀಡಿ ಕಟ್ಟುತ್ತಾಳೆ. ಇದಕ್ಕೆ ಕಾಲೇಜಿಗೆ ಹೋಗಬೇಕಿತ್ತಾ?"

ಆ ದಿನ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದಾಗ ನಮ್ಮ ತಪ್ಪೂ ಕಣ್ಣಿಗೆ ಬಿತ್ತು. ಫೀಸಿಗೆ ಸಾಲ ಕೊಟ್ಟದ್ದನ್ನು ನಾವು ಬರೆದಿಟ್ಟಿದ್ದೇವೆ. ಸಾಲ ತೀರಿದ್ದನ್ನೂ ಬರೆದಿಟ್ಟಿದ್ದೇವೆ. ಆದರೆ ಓದಿದ ಹುಡುಗಿ ಮುಂದೆ ಏನಾದಳು ಎಂದು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ನಾವು ಕೇಳಲೇ ಇಲ್ಲ.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಕಾಲೇಜುಗಳಿಗೆ ದೊಡ್ಡ ಚರಿತ್ರೆ ಉಂಟು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. 2024ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ಹೆಣ್ಣುಮಕ್ಕಳಿಗಾಗಿಯೇ ತೆರೆದರು. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರದ್ದು. ರೋಶನಿ ನಿಲಯದ ಸಮಾಜಕಾರ್ಯ ಶಾಲೆ 1960ರದ್ದು. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಇಲ್ಲಿ ಓದಿದ್ದಾರೆ, ಇವತ್ತಿಗೂ ಓದುತ್ತಿದ್ದಾರೆ.

ಆದರೆ ಒಂದು ಮಾತು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ನರ್ಸಿಂಗ್ ಓದಿದವಳು ನರ್ಸ್ ಆಗುತ್ತಾಳೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿದವಳು ಏನಾಗುತ್ತಾಳೆ? ಆ ಪದವಿಯ ಹೆಸರಿನಲ್ಲಿ ಯಾವ ಉದ್ಯೋಗವೂ ಬರೆದಿಲ್ಲ. ಅದು ಓದುವುದನ್ನು, ಬರೆಯುವುದನ್ನು, ಲೆಕ್ಕ ಮತ್ತು ಸಮಾಜವನ್ನು ಅರ್ಥ ಮಾಡಿಕೊಳ್ಳುವುದನ್ನು ಕಲಿಸುತ್ತದೆ. ಅದರಿಂದ ಹತ್ತಾರು ಬಾಗಿಲು ತೆರೆಯಬಹುದು. ಆದರೆ ಯಾವ ಬಾಗಿಲೂ ತಾನಾಗಿ ತೆರೆಯುವುದಿಲ್ಲ. ನಾವು ಹೋಗಿ ತಟ್ಟಬೇಕು.

ಪದವಿ ಮುಗಿಸಿದವರು ನಾಲ್ಕು ದಾರಿ ಹಿಡಿಯುತ್ತಾರೆ. ಕೆಲವರಿಗೆ ನೇರ ಕೆಲಸ ಸಿಗುತ್ತದೆ. ಕೆಲವರು ಎಂ.ಎ., ಎಂ.ಕಾಂ., ಬಿ.ಎಡ್., ಎಂ.ಎಸ್.ಡಬ್ಲ್ಯು. ಎಂದು ಮುಂದೆ ಓದುತ್ತಾರೆ. ಕೆಲವರು ಬ್ಯಾಂಕ್ ಪರೀಕ್ಷೆ, ಸರಕಾರಿ ಪರೀಕ್ಷೆಗೆ ಕೂರುತ್ತಾರೆ. ಉಳಿದವರು ಮನೆಯಲ್ಲಿ ಉಳಿಯುತ್ತಾರೆ. ಮೊದಲ ಮೂರು ದಾರಿಯವರ ಲೆಕ್ಕವನ್ನು ಕಾಲೇಜುಗಳು ನ್ಯಾಕ್ ಸಂಸ್ಥೆಗೆ ಕೊಡುವ ವರದಿಯಲ್ಲಿ ಬರೆಯುತ್ತವೆ. ನಾಲ್ಕನೆಯವರಿಗೆ ಅಲ್ಲಿ ಕಾಲಂ ಇಲ್ಲ.

ಸರಕಾರದ ಲೆಕ್ಕದಲ್ಲೂ ಹಾಗೆಯೇ. 2022-23ರ ಕೇಂದ್ರ ಸರಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ದೇಶದ ಪದವೀಧರರ ನಿರುದ್ಯೋಗ ಶೇ. 13.4 ಎಂದು ಬಂತು. ಆದರೆ ನಿರುದ್ಯೋಗಿ ಎಂದರೆ ಕೆಲಸ ಇಲ್ಲದೆ ಹುಡುಕುತ್ತಿರುವವರು ಅಥವಾ ಕೆಲಸಕ್ಕೆ ಸಿದ್ಧ ಎಂದು ಹೇಳಿದವರು ಮಾತ್ರ. ಹುಡುಕಿ ಸಾಕಾಗಿ ಕೆಲಸವೇ ಬೇಡ ಎಂದು ಸುಮ್ಮನಾದವಳು, "ಮದುವೆ ಆಗುವ ತನಕ ಮನೆಯಲ್ಲಿರಲಿ" ಎಂದು ಕೂರಿಸಿದವಳು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ನಮ್ಮ ಮನೆಯ ಮಗಳನ್ನು ನಾವೇ ಎಣಿಸಬೇಕು.

ಕಾಲೇಜಿನ ಲೆಕ್ಕ ಓದುವುದು ಹೇಗೆ?

ಕಾಲೇಜಿಗೆ ಸೇರಿಸುವ ಮೊದಲು ನೀವು ಜಾಹೀರಾತು ನೋಡುತ್ತೀರಿ. "ಶೇ. 90 ಮಂದಿಗೆ ಉದ್ಯೋಗ" ಎಂದು ಇರುತ್ತದೆ. ಸಂಘದಲ್ಲಿ ಲೆಕ್ಕ ಬರೆದವರು ನೀವು. ಕೇಳಬೇಕಾದ ಪ್ರಶ್ನೆ ನಿಮಗೆ ಗೊತ್ತು: ಯಾರಲ್ಲಿ ಶೇ. 90?

ಲೆಕ್ಕಕ್ಕಾಗಿ ಒಂದು ಉದಾಹರಣೆ ಹೇಳುತ್ತೇವೆ. ಒಂದು ಕಾಲೇಜಿನಲ್ಲಿ 200 ಮಂದಿ ಪಾಸಾದರು ಎಂದಿಟ್ಟುಕೊಳ್ಳಿ. ಅವರಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಹೆಸರು ಕೊಟ್ಟವರು 60. ಕೆಲಸ ಸಿಕ್ಕಿದವರು 54. ಹೆಸರು ಕೊಟ್ಟವರಲ್ಲಿ ನೋಡಿದರೆ ಶೇ. 90. ಪಾಸಾದವರೆಲ್ಲರಲ್ಲಿ ನೋಡಿದರೆ ಶೇ. 27. ಎರಡೂ ಸುಳ್ಳಲ್ಲ. ಇನ್ನೂ 50 ಮಂದಿ ಮುಂದೆ ಓದಲು ಹೋದರು ಎನ್ನಿ, ಅದೂ ಒಳ್ಳೆಯದೇ. ಹಾಗಾದರೆ ಉಳಿದ 96 ಮಂದಿ ಎಲ್ಲಿ? ನಮ್ಮ ಮಗಳು ಆ 96ರಲ್ಲಿ ಇರಬಾರದು ಎಂಬುದೇ ನಮ್ಮ ಚಿಂತೆ.

ಸಂಬಳದ ವಿಷಯವೂ ಹೀಗೆಯೇ. ಐದು ಮಂದಿಯ ತಿಂಗಳ ಸಂಬಳ 6 ಸಾವಿರ, 7 ಸಾವಿರ, 8 ಸಾವಿರ, 9 ಸಾವಿರ, ಮತ್ತು ಒಬ್ಬಳಿಗೆ 70 ಸಾವಿರ. ಕೂಡಿಸಿ ಐದರಿಂದ ಭಾಗಿಸಿದರೆ ಸರಾಸರಿ 20 ಸಾವಿರ. ಕೇಳಲು ಚಂದ. ಆದರೆ ಐದರಲ್ಲಿ ನಾಲ್ವರಿಗೆ 10 ಸಾವಿರವೂ ಇಲ್ಲ. ಐವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವೆ ನಿಂತವಳದ್ದು ನೋಡಿದರೆ 8 ಸಾವಿರ. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಅತಿ ಹೆಚ್ಚಿನ ಸಂಬಳ ಎಷ್ಟು ಎಂದು ಕೇಳಬೇಡಿ, ನಡುವಿನವಳ ಸಂಬಳ ಎಷ್ಟು ಎಂದು ಕೇಳಿ.

ಈ ಅಂಕಿಗಳು ಗುಟ್ಟಿನವಲ್ಲ. ಕೇಂದ್ರ ಸರಕಾರದ ಎನ್.ಐ.ಆರ್.ಎಫ್. ಎಂಬ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜುಗಳು ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು ಎಂದು ಕೊಡಬೇಕು. ಅದನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ನಿಮ್ಮ ಮಗಳ ಮೊಬೈಲಿನಲ್ಲೇ ನೋಡಬಹುದು. ಆಗದಿದ್ದರೆ ಆಫೀಸಿಗೆ ಹೋಗಿ ಕೇಳಿ. ನಮ್ಮ ಕಾಲೇಜು, ಫಾದರ್, ಸಿಸ್ಟರ್ ನಡೆಸುವುದು, ಕೇಳಿದರೆ ಬೇಸರ ಆಗುತ್ತದೋ ಏನೋ ಎಂಬ ಸಂಕೋಚ ಬೇಡ. ಫೀಸು ಕೊಡುವವರಿಗೆ ಕೇಳುವ ಹಕ್ಕು ಉಂಟು.

ಮೂರು ವರ್ಷದಲ್ಲಿ ಮಾಡಬೇಕಾದದ್ದು

ಆ ತಾಯಿಯ ಮಗಳನ್ನು ನಾವು ಆಮೇಲೆ ಭೇಟಿಯಾದೆವು. "ಕ್ಯಾಂಪಸ್ ಸಂದರ್ಶನಕ್ಕೆ ಯಾಕೆ ಹೋಗಲಿಲ್ಲ?" ಎಂದು ಕೇಳಿದೆವು. "ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ ಮೇಡಂ, ಹೆದರಿಕೆ ಆಯ್ತು. ಹೆಸರೇ ಕೊಡಲಿಲ್ಲ" ಎಂದಳು. ಶೇ. 62 ಅಂಕ ತೆಗೆದ ಹುಡುಗಿ. ಅವಳು ಸೋತು ಬಂದವಳಲ್ಲ. ಆಟಕ್ಕೆ ಇಳಿಯಲೇ ಇಲ್ಲ.

ಆದ್ದರಿಂದ ಕೆಲಸದ ತಯಾರಿ ರಿಸಲ್ಟ್ ಬಂದ ಮೇಲೆ ಅಲ್ಲ, ಕಾಲೇಜು ಸೇರಿದ ದಿನದಿಂದ ಶುರುವಾಗಬೇಕು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. 2024-25ರಿಂದ ಸರಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಈ ಮೂರು ವರ್ಷ ಹೀಗೆ ಉಪಯೋಗಿಸಬಹುದು.

ಮೊದಲನೇ ವರ್ಷ ಇಂಗ್ಲಿಷ್ ಮಾತು ಮತ್ತು ಕಂಪ್ಯೂಟರ್. ತಪ್ಪಾದರೂ ಮಾತಾಡಲಿ. ಮನೆಯಲ್ಲಿ ಯಾರೂ ನಗಾಡಬಾರದು. ಸಂಘದ ಲೆಕ್ಕಪುಸ್ತಕವನ್ನು ಅವಳ ಕೈಯಲ್ಲಿ ಬರೆಸಿ, ಬ್ಯಾಂಕಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಮುಂದೆ ಸಂದರ್ಶನದಲ್ಲಿ "ಏನು ಅನುಭವ ಉಂಟು?" ಎಂದರೆ ಹೇಳಲು ಒಂದು ಮಾತು ಇರುತ್ತದೆ.

ಎರಡನೇ ವರ್ಷ ರಜೆಯಲ್ಲಿ ಒಂದು ತಿಂಗಳಾದರೂ ಎಲ್ಲಾದರೂ ಕೆಲಸ ನೋಡಲಿ. ಸಹಕಾರಿ ಸಂಘ, ಆಸ್ಪತ್ರೆಯ ಕೌಂಟರ್, ಶಾಲೆ, ಅಕೌಂಟೆಂಟರ ಆಫೀಸು, ಯಾವುದಾದರೂ ಆಗಬಹುದು. ಸಂಬಳ ಮುಖ್ಯವಲ್ಲ. ಕೆಲಸದ ಜಾಗದ ರೀತಿ ತಿಳಿಯುತ್ತದೆ.

ಮೂರನೇ ವರ್ಷ ದಾರಿ ತೀರ್ಮಾನಿಸಬೇಕು. ಕೆಲಸ ಬೇಕಾದರೆ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ಕೊಡಲೇಬೇಕು. ಟೀಚರ್ ಆಗಬೇಕಾದರೆ ಬಿ.ಎಡ್. ಎರಡು ವರ್ಷ, ಸರಕಾರಿ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಕಲಿಸಲು ಟಿ.ಇ.ಟಿ. ಕೂಡ ಪಾಸಾಗಬೇಕು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಸಾಕು. ಐ.ಬಿ.ಪಿ.ಎಸ್. ಪರೀಕ್ಷೆಗೆ ವಯಸ್ಸು 20ರಿಂದ 28, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ಬಿ.ಎ. ಎಂದು ಕೀಳಾಗಿ ನೋಡುವವರಿಗೆ ಇದನ್ನು ಹೇಳಿ. ಅಪ್ರೆಂಟಿಸ್ ತರಬೇತಿಯೂ ಈಗ ಐ.ಟಿ.ಐ.ಯವರಿಗೆ ಮಾತ್ರ ಅಲ್ಲ. 2014ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಸಾಮಾನ್ಯ ಪದವೀಧರರಿಗೂ ಉಂಟು. ತರಬೇತಿ ವೇಳೆ ಭತ್ಯೆ ಕೊಡುತ್ತಾರೆ. ಕೊನೆಗೆ ಕಾಯಂ ಕೆಲಸ ಕೊಡಲೇಬೇಕೆಂದಿಲ್ಲ, ಆದರೆ ಅನುಭವದ ಪತ್ರ ಸಿಗುತ್ತದೆ.

ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆ, ಮೊದಲು ಇಷ್ಟು ಸಾವಿರ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಘದಿಂದ ಸಾಲ ತೆಗೆದು ಅಂತೂ ಕೊಡಲೇಬೇಡಿ.

ಹಣದ ವಿಷಯ

ಫೀಸಿಗೆ ಸಂಘದ ಸಾಲ ತೆಗೆಯುವುದು ತಪ್ಪಲ್ಲ. ಆದರೆ ಸಂಘದ ಸಾಲಕ್ಕೆ ಮುಂದಿನ ತಿಂಗಳಿನಿಂದಲೇ ಕಂತು. ಆಗ ಮಗಳು ರಿಸಲ್ಟ್ ಬಂದ ವಾರದಲ್ಲೇ ದುಡಿಯಬೇಕೆಂಬ ಒತ್ತಡ ಬೀಳುತ್ತದೆ. ಮೊದಲು ಸಿಕ್ಕಿದ ಕೆಲಸಕ್ಕೆ ಸೇರುತ್ತಾಳೆ, ಇಲ್ಲವೇ ಬೀಡಿ ಸೂಪಿಗೆ ಕೂರುತ್ತಾಳೆ. ದೊಡ್ಡ ಮೊತ್ತ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. 4 ಲಕ್ಷದವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ. ಆ ತನಕದ ಬಡ್ಡಿ ಮಾತ್ರ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ, ಅದನ್ನು ಮರೆಯಬಾರದು. ವಿದ್ಯಾಲಕ್ಷ್ಮಿ ಎಂಬ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು.

ರಾಜ್ಯ ಸರಕಾರದ ಯುವನಿಧಿಗೆ 2023ರ ಡಿಸೆಂಬರಿನಲ್ಲಿ ನೋಂದಣಿ ಶುರುವಾಯಿತು. ಪದವಿ ಪಾಸಾಗಿ 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದರೆ ಅಥವಾ ಮುಂದೆ ಓದಲು ಸೇರಿದರೆ ಇಲ್ಲ. ಸೇವಾಸಿಂಧುವಿನಲ್ಲಿ ಅರ್ಜಿ. ಈ ಹಣ ಅಕ್ಕಿ ಸಾಮಾನಿಗೆ ಹೋಗಬಾರದು. ಅವಳ ಪರೀಕ್ಷೆ ಫೀಸಿಗೆ, ಪುಸ್ತಕಕ್ಕೆ, ಬಸ್ಸಿಗೆ ಇರಲಿ. ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚಲ್ಲವೇ?

ಒಂದು ವರ್ಷ ಅವಳಿಗೆ ಕೊಡಿ

ತಾಯಂದಿರೇ, ಇನ್ನೊಂದು ಮಾತು ನೇರವಾಗಿ ಹೇಳುತ್ತೇವೆ. ಮಗನಿಗೆ ಡಿಗ್ರಿ ಆಗಿ ಕೆಲಸ ಸಿಗದಿದ್ದರೆ "ಹುಡುಕ್ತಾ ಇದ್ದಾನೆ" ಎನ್ನುತ್ತೇವೆ. ಮಗಳಾದರೆ "ಸುಮ್ಮನೆ ಮನೆಯಲ್ಲಿದ್ದಾಳೆ, ಒಂದು ಗಂಡು ನೋಡಿ" ಎನ್ನುತ್ತೇವೆ. ಇಬ್ಬರದ್ದೂ ಒಂದೇ ಡಿಗ್ರಿ. ರಿಸಲ್ಟಿನ ನಂತರ ಕಡಿಮೆಯೆಂದರೆ ಒಂದು ವರ್ಷ ಅವಳೂ ಹುಡುಕುತ್ತಿದ್ದಾಳೆ ಎಂದೇ ಲೆಕ್ಕ ಹಿಡಿಯಿರಿ. ದಿನಕ್ಕೆ ಮೂರು ಗಂಟೆ ಓದಲು, ಅರ್ಜಿ ಬರೆಯಲು ಬಿಡಿ. ಆ ಮೂರು ಗಂಟೆ ಪಾತ್ರೆ, ಬಟ್ಟೆ, ಬೀಡಿ ಯಾವುದೂ ಬೇಡ.

ಮೊದಲ ಸಂಬಳ ಕಡಿಮೆ ಇದ್ದರೆ ಬೇಸರ ಮಾಡಬೇಡಿ. ಡಿಗ್ರಿಯ ಬೆಲೆಯನ್ನು ಮೊದಲ ತಿಂಗಳ ಸಂಬಳದಲ್ಲಿ ಅಳೆಯಬಾರದು. ಅಡಿಕೆ ಸಸಿ ನೆಟ್ಟವರು ಮರುವರ್ಷ ಗೊನೆ ಕೇಳುವುದಿಲ್ಲ. ಆದರೆ ನೆಟ್ಟು ಸುಮ್ಮನೆ ಬಿಡುವುದೂ ಇಲ್ಲ, ನೀರು ಹಾಕುತ್ತಾರೆ.

ಕೊನೆಯದಾಗಿ ನಮ್ಮ ಒಂದು ವಿನಂತಿ. ಪ್ರತಿ ಸಂಘವೂ ತನ್ನ ಪುಸ್ತಕದಲ್ಲಿ ಒಂದು ಹಾಳೆ ಬಿಡಲಿ. ಸದಸ್ಯೆಯರ ಮನೆಯಲ್ಲಿ ಡಿಗ್ರಿ ಓದುವ ಮಕ್ಕಳ ಹೆಸರು, ಯಾವ ವರ್ಷ, ಪಾಸಾದ ಆರು ತಿಂಗಳಿಗೆ ಏನು ಮಾಡುತ್ತಿದ್ದಾಳೆ, ಒಂದು ವರ್ಷಕ್ಕೆ, ಮೂರು ವರ್ಷಕ್ಕೆ ಏನು ಮಾಡುತ್ತಿದ್ದಾಳೆ, ಇಷ್ಟು ಬರೆಯಿರಿ. ಕಂತು ತಪ್ಪಿದರೆ ವಿಚಾರಿಸುವ ನಾವು, ಹುಡುಗಿ ಮನೆಯಲ್ಲಿ ಉಳಿದರೂ ವಿಚಾರಿಸೋಣ. ಒಬ್ಬರ ಮಗಳಿಗೆ ಕೆಲಸ ಸಿಕ್ಕಿದರೆ ಅವಳು ಬಂದು ಉಳಿದವರಿಗೆ ದಾರಿ ಹೇಳಲಿ. ನಮ್ಮ ಸಂಸ್ಥೆಯೂ ಇನ್ನು ಮುಂದೆ ಈ ಹಾಳೆಯನ್ನು ಕೇಳಿ ನೋಡುತ್ತದೆ.

ಆ ಬೀಡಿ ಕಟ್ಟುವ ತಾಯಿಯ ಮಗಳು ಈಗ ಸಂಘದ ಲೆಕ್ಕ ಬರೆಯುತ್ತಾಳೆ. ಬೆಳಗ್ಗೆ ಬ್ಯಾಂಕ್ ಪರೀಕ್ಷೆಗೆ ಓದುತ್ತಾಳೆ, ಮಧ್ಯಾಹ್ನದ ಮೇಲೆ ತಾಯಿಗೆ ಸಹಾಯ ಮಾಡುತ್ತಾಳೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಮೊನ್ನೆ ಕೇಳಿದಾಗ ತಾಯಿ ಹೇಳಿದರು: "ಅವಳು ಸುಮ್ಮನೆ ಇಲ್ಲ ಸಿಸ್ಟರ್, ಹುಡುಕ್ತಾ ಇದ್ದಾಳೆ."

ನಮ್ಮ ಎಲ್ಲ ಮನೆಗಳಲ್ಲೂ ಆ ಮಾತು ಕೇಳಿಬರಲಿ.