ತಾಯಂದಿರೂ ಹೃದ್ರೋಗವೂ

(ಶಾಲೆಯ ಮಾತೃಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪಾಠ ಹೇಳುವುದು ನಮ್ಮ ಕಸುಬು. ವೈದ್ಯವನ್ನು ನಾವು ಓದಿದವರಲ್ಲ. ಆದರೂ ಈ ಸಲ ಮಕ್ಕಳ ಅಂಕಗಳ ಮಾತನ್ನು ಬದಿಗಿರಿಸಿ, ತಾಯಂದಿರ ಹೃದ್ರೋಗದ ವಿಚಾರವಾಗಿ ಕೆಲವು ಮಾತುಗಳನ್ನು ಅರಿಕೆ ಮಾಡಬೇಕೆಂದು ನಿಶ್ಚಯಿಸಿದೆವು. ಅದಕ್ಕೆ ಕಾರಣವುಂಟು.

ಕಳೆದ ವಾರ್ಷಿಕೋತ್ಸವದ ದಿನ ಊಟದ ಚಪ್ಪರದಲ್ಲಿ ಬಡಿಸುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಒಮ್ಮೆಗೇ ಕುಳಿತುಬಿಟ್ಟರು. ಹಣೆಯಲ್ಲಿ ಬೆವರು, ಬೆನ್ನಿನಲ್ಲಿ ಎಳೆತ, ಹೊಟ್ಟೆ ತೊಳಸುವುದು, ಏದುಸಿರು. ಎದೆ ಹಿಡಿದುಕೊಂಡು ಕೂಗಲಿಲ್ಲ. ‘ಗ್ಯಾಸಿನ ಉಪದ್ರ, ಬೆಳಗಿನಿಂದ ಏನೂ ತಿಂದಿಲ್ಲ’ ಎಂದರು. ಸುತ್ತಲಿದ್ದವರೂ ಅದನ್ನೇ ಅಂದರು. ಜೀರಿಗೆ ಕಷಾಯ ಬಂತು. ಸೋಡಾ ತರಿಸಿ ಕೊಟ್ಟವರು ನಾವೇ. ಮಗಳ ನಾಟಕ ಮುಗಿಯುವವರೆಗೂ ಅವರು ಗೋಡೆಗೆ ಒರಗಿಕೊಂಡಿದ್ದರು. ರಾತ್ರಿ ಆಸ್ಪತ್ರೆಗೆ ಒಯ್ದಾಗ, ಹೃದಯಾಘಾತವಾಗಿ ಹಲವು ಗಂಟೆಗಳು ಕಳೆದಿವೆಯೆಂದು ವೈದ್ಯರು ತಿಳಿಸಿದರು. ಜೀವ ಉಳಿಯಿತು, ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಇಂದು ಅವರು ಸಭೆಗೆ ಬಂದಿಲ್ಲ. ಮನೆಯಿಂದ ರಸ್ತೆಗೆ ಬರುವ ಗುಡ್ಡದ ದಾರಿಯನ್ನು ಹತ್ತುವುದು ಅವರಿಂದ ಆಗುವುದಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ.

ಹೃದಯಕ್ಕೆ ರಕ್ತವುಣಿಸುವ ನಾಳ ಮುಚ್ಚಿದರೆ ಅದರ ಸ್ನಾಯು ಸಾಯತೊಡಗುತ್ತದೆ. ನಿಮಿಷ ನಿಮಿಷವೂ ನಷ್ಟವೇ. ಎದೆನೋವು ಹೆಂಗಸರಲ್ಲಿಯೂ ಮುಖ್ಯ ಲಕ್ಷಣ. ಆದರೆ ಅದು ನೋವೆನಿಸದೆ ಬಿಗಿತವೋ ಭಾರವೋ ಆಗಿರಬಹುದು. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಕತ್ತು, ಬೆನ್ನುಗಳಲ್ಲಿ ನೋವು, ಉಸಿರು ಸಾಲದಿರುವುದು, ವಾಕರಿಕೆ, ತಣ್ಣನೆಯ ಬೆವರು, ಹಿಂದೆಂದೂ ಕಾಣದ ಬಳಲಿಕೆ ಇವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ತೋರುತ್ತವೆ. ಇವನ್ನೆಲ್ಲ ನಾವು ‘ಗ್ಯಾಸು’, ‘ಸುಸ್ತು’ ಎಂಬ ಎರಡು ಮಾತುಗಳಲ್ಲಿ ಕಟ್ಟಿಡುತ್ತೇವೆ.

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್, ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಕೊಳವೆಯಾಗಿ ಸುತ್ತಿ ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಆ ಸಂಕೋಚದಿಂದ ಲೋಕಕ್ಕೆ ಉಪಕಾರವಾಯಿತು. ನಮ್ಮ ತಾಯಂದಿರ ಸಂಕೋಚದಿಂದ ಆಗುವುದು ವಿಳಂಬ ಮಾತ್ರ. ಅದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಮಲಯಾಳದಲ್ಲಿ ವಿಚಾರಿಸಿದಾಗ ಉತ್ತರ ಹೊಳೆಯದೆ ‘ಸುಸ್ತು’ ಎಂದಷ್ಟೇ ಹೇಳಿ ಮರಳಿದವರನ್ನು ನಾವು ಬಲ್ಲೆವು. ಎಲ್ಲಿ ನೋವು, ಎಂದಿನಿಂದ, ಮೆಟ್ಟಿಲು ಹತ್ತುವಾಗ ಹೆಚ್ಚುತ್ತದೆಯೇ ಎಂಬುದನ್ನು ಮಕ್ಕಳಿಂದ ಮಲಯಾಳದಲ್ಲಿ ಬರೆಯಿಸಿಕೊಂಡು ಹೋಗಿರಿ. ಅವರು ಕಲಿತ ವಿದ್ಯೆ ಇದಕ್ಕೂ ಆಗಲಿ.

ವಿದ್ವಾಂಸರೂ ಹೆಂಗಸರನ್ನು ಬಹುಕಾಲ ಮರೆತಿದ್ದರು. ಆಸ್ಪಿರಿನ್ ಮಾತ್ರೆ ಹೃದಯಾಘಾತವನ್ನು ತಡೆಯುವುದೇ ಎಂದು 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಸಿದ್ಧ ಪರೀಕ್ಷೆಯಲ್ಲಿ ಭಾಗವಹಿಸಿದ 22,071 ವೈದ್ಯರೂ ಗಂಡಸರೇ! ಮುಂದೆ 52 ದೇಶಗಳ ಸ್ತ್ರೀಪುರುಷರನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವು ಹೃದಯಾಘಾತಕ್ಕೆ ಎಡೆಮಾಡುವ 9 ಅಂಶಗಳನ್ನು ಎಣಿಸಿತು. ತಂಬಾಕು, ರಕ್ತದೊತ್ತಡ, ಸಕ್ಕರೆ ರೋಗಗಳ ಸಾಲಿನಲ್ಲಿಯೇ ಮನಸ್ಸಿನ ಒತ್ತಡವೂ ಇದೆ. ಹೆಂಗಸರಿಗೆ ಮೊದಲ ಆಘಾತ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರುವುದೆಂದೂ ಕಂಡುಬಂತು. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಬಸುರಿನಲ್ಲಿ ರಕ್ತದೊತ್ತಡವೋ ಸಕ್ಕರೆಯೋ ಹೆಚ್ಚಿದ್ದವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಹೆರಿಗೆಯೊಂದಿಗೆ ಆ ಕಥೆ ಮುಗಿಯುವುದಿಲ್ಲ.

ಚಿಂತೆಯಿಂದ ಎದೆಯೊಡೆಯಿತು ಎಂಬುದು ಬರಿಯ ಮಾತಲ್ಲ. ಕಳವಳವಾದಾಗ ದೇಹದಲ್ಲಿ ಅಡ್ರಿನಲಿನ್ ಮೊದಲಾದ ರಸಗಳು ಸ್ರವಿಸಿ ನಾಡಿ ಬಿರುಸಾಗುತ್ತದೆ, ರಕ್ತದೊತ್ತಡ ಏರುತ್ತದೆ. ದೊಡ್ಡ ದುಃಖದ ಬೆನ್ನಿಗೆ, ನಾಳ ಮುಚ್ಚದಿದ್ದರೂ ಹೃದಯ ಒಮ್ಮೆಗೇ ದುರ್ಬಲವಾಗುವ ಸ್ಥಿತಿಯೊಂದನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದರು. ಅದಕ್ಕೆ ತುತ್ತಾಗುವವರಲ್ಲಿ ಬಹುಮಂದಿ ಮುಟ್ಟು ನಿಂತ ಹೆಂಗಸರು.

‘ಸಮಾಧಾನದಿಂದಿರಿ’ ಎಂದು ಉಪದೇಶಿಸುವುದು ಸುಲಭ. ಐದಕ್ಕೆ ಎದ್ದು, ಅಡುಗೆ ಮುಗಿಸಿ, ಅತ್ತೆಯವರಿಗೆ ಔಷಧಿ ಕೊಟ್ಟು, ಹಗಲೆಲ್ಲ ಬೀಡಿ ಕಟ್ಟಿ, ರಾತ್ರಿ ಸಾಲದ ಕಂತನ್ನು ಲೆಕ್ಕ ಹಾಕುವವರು ಯಾವ ಹೊತ್ತಿನಲ್ಲಿ ಸಮಾಧಾನದಿಂದಿರಬೇಕು? ಪ್ರಾಣಾಯಾಮವನ್ನು ನಾವು ಅಲ್ಲಗಳೆಯೆವು. ಅದಕ್ಕೆ ಬೇಕಾದ ಅರ್ಧ ಗಂಟೆಯ ಬಿಡುವನ್ನು ಕೊಡತಕ್ಕವರು ಮನೆಯ ಗಂಡಸರು. ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಈಗ ನಮ್ಮ ಪಾಲಿನದು. ಅದು ಚೆನ್ನಾಗಿರುವುದೆಂದು ಯಾರೂ ಹೇಳಿಲ್ಲ. ಆ ಹೊತ್ತಿನಲ್ಲಿ ನಮ್ಮ ಮನೆಯವರು ತೋಟದ ಸುತ್ತ ನಡೆದು ಬರುತ್ತಾರೆ. ಉಣ್ಣುವ ಮಕ್ಕಳು ತಮ್ಮ ತಟ್ಟೆ ತಾವು ತೊಳೆಯಲಿ, ಹುಡುಗರೂ ಸಹ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಚಿಕಿತ್ಸೆ ದೊರೆಯದೆ ಕಾಸರಗೋಡಿನ ರೋಗಿಗಳು ಸತ್ತುದನ್ನು ನಾವು ಮರೆತಿಲ್ಲ. ಗಡಿ ನಮ್ಮ ಕೈಯಲ್ಲಿಲ್ಲ. ಕಷಾಯ ಕಾಸುತ್ತ ಮನೆಯೊಳಗೆ ಕಳೆಯುವ ಗಂಟೆಗಳು ನಮ್ಮ ಕೈಯಲ್ಲಿವೆ. ಹೇಳಿದ ಲಕ್ಷಣಗಳು ಒಮ್ಮೆಗೇ ತೋರಿದರೆ 108ಕ್ಕೆ ಫೋನ್ ಮಾಡಿರಿ, ಇ.ಸಿ.ಜಿ. ಮಾಡಿಸಿರಿ. ಗ್ಯಾಸೇ ಆಗಿದ್ದರೆ ಸಂತೋಷದಿಂದ ಮರಳಿ ಬನ್ನಿರಿ. ನಗುವವರಿಗೆ ನಾವು ಉತ್ತರ ಹೇಳುತ್ತೇವೆ.

ಆರೋಗ್ಯ ಕೇಂದ್ರದ ದಾದಿಯವರು ರಕ್ತದೊತ್ತಡ ನೋಡುವ ಉಪಕರಣದೊಂದಿಗೆ ಏಳನೆಯ ತರಗತಿಯ ಕೋಣೆಯಲ್ಲಿ ಕುಳಿತಿದ್ದಾರೆ. ಮೂವತ್ತು ದಾಟಿದ ತಾಯಂದಿರೆಲ್ಲರೂ ಮೊದಲು ಅಲ್ಲಿಗೆ ಹೋಗಬೇಕಾಗಿ ವಿನಂತಿ. ಚಪ್ಪರದಲ್ಲಿ ಎಲೆ ಹಾಕಿದೆ. ಈ ಸಲ ಬಡಿಸುವ ಕೆಲಸ ಗಂಡಸರದು.