ವೈದ್ಯ ವಿದ್ಯಾರ್ಥಿಯನ್ನು ಕೇಳಿದವರಾರು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ವ್ಯಾಪಾರಿ ಮಿತ್ರರೇ,

ಬೋನಸ್ಸಿನ ಮಾತು ಬಿಟ್ಟು ವೈದ್ಯಕೀಯ ಕಾಲೇಜಿನ ಮಾತೇಕೆ ಎಂದು ಹಿಂದಿನ ಸಾಲಿನವರು ಗೊಣಗಿದ್ದು ನಮಗೆ ಕೇಳಿಸಿತು. ಆ ಹುಡುಗರು ವೈದ್ಯ ಕಲಿಯುವುದು ಯಾರ ಮೈಮೇಲೆ? ಜನರಲ್ ವಾರ್ಡಿನಲ್ಲಿ ಮಲಗಿದ ನಮ್ಮ ನಿಮ್ಮ ಮೈಮೇಲೆ. ಈಗ ಕಲಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ನೂಲು ಖಾತೆಯ ಸಂಗಾತಿಯೊಬ್ಬರ ಮಗಳು ಸರಕಾರಿ ಸೀಟು ಪಡೆದು ದೂರದೂರಿನಲ್ಲಿ ಓದುತ್ತಿದ್ದಾಳೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ವಾರ್ಡಿನಲ್ಲಿ ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದರು. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. "ನಿನಗೆ ಸೀಟು ಕೊಟ್ಟವರಾರು?" ಎಂದು ಎಲ್ಲರೆದುರು ನಕ್ಕರಂತೆ. ಹಾಸಿಗೆಯಲ್ಲಿದ್ದ ಮುದುಕಿಯೇ ಅವಳ ಕೈ ಹಿಡಿದು "ಅಳಬ್ಯಾಡವ್ವಾ" ಅಂದಳಂತೆ. ರಜೆಗೆ ಬಂದಾಗ ಹುಡುಗಿ ತಂದೆಗೆ ಹೇಳಿದ್ದು ಇಷ್ಟು: "ಅಪ್ಪಾ, ಆ ಅಜ್ಜಿಗೆ ಏನು ರೋಗ ಅಂತ ನಾನು ಆಮೇಲೆ ಕೇಳಲೇ ಇಲ್ಲ."

ಈ ಮಾತನ್ನು ಸ್ವಲ್ಪ ಯೋಚಿಸಿ. ಪ್ರಶ್ನೆ ಕೇಳಲು ಹೆದರಿದ ವಿದ್ಯಾರ್ಥಿ ನಾಳೆ ಡಾಕ್ಟರಾಗಿ ನಮ್ಮ ನಾಡಿ ಹಿಡಿಯುತ್ತಾಳೆ.

ಇಂಥದನ್ನು ಅಳೆಯುವ ದಾರಿ ಇಲ್ಲವೆಂದಲ್ಲ. 1997ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸೂ ರಾಫ್ ಮತ್ತು ಜೊತೆಗಾರರು 50 ಹೇಳಿಕೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದನ್ನು 'ಡ್ರೀಮ್' ಎನ್ನುತ್ತಾರೆ. ಅಧ್ಯಾಪಕರು ಹೀಯಾಳಿಸುತ್ತಾರೆಯೇ, ಬೇಕಾದ್ದನ್ನು ಕೇಳುವ ಧೈರ್ಯವಿದೆಯೇ, ಸೋತು ಕುಗ್ಗಿದವರಿಗೆ ಆಸರೆ ಇದೆಯೇ, ವಾಸದ ಕೋಣೆ ಹೇಗಿದೆ ಎಂಬಂಥವು. ಒಂದೊಂದಕ್ಕೆ ಸೊನ್ನೆಯಿಂದ 4, ಒಟ್ಟು 200 ಅಂಕ. ಇಲ್ಲಿ ಅಂಕ ಹಾಕುವವನು ವಿದ್ಯಾರ್ಥಿ, ಹಾಕಿಸಿಕೊಳ್ಳುವುದು ಕಾಲೇಜು! 50ರೊಳಗೆ ಬಂದರೆ ಬಹಳ ಕಳಪೆ; 100ರೊಳಗೆ ಬಂದರೆ ತೊಂದರೆ ಹೇರಳ; 150 ದಾಟಿದರೆ ಉತ್ತಮ.

ನಡುವಿನ ಅಂಕ ಬಂದ ಕಾಲೇಜು ಬೀಗಬೇಕಾಗಿಲ್ಲ. ಒಟ್ಟು 120 ಬಂದು, 'ಆಸರೆ' ಎಂಬ ಒಂದು ಸಾಲಿನಲ್ಲಿ ಅಂಕ 2ಕ್ಕಿಂತ ಕೆಳಗಿದ್ದರೆ ರೋಗ ಅಲ್ಲಿಯೇ ಇದೆ. ಗಿರಣಿಯ ಲಾಭದ ಲೆಕ್ಕ ನೋಡಿ ಕೂಲಿಕಾರನ ಹೊಟ್ಟೆ ತುಂಬಿದೆ ಎಂದರೆ ನೀವು ಒಪ್ಪುವಿರಾ?

ಮಂಗಳೂರಿನ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಚೆನ್ನಾಗಿ ಓದುವವರು, ಹಿಂದುಳಿದವರು ಇಬ್ಬರ ಅಭಿಪ್ರಾಯವನ್ನೂ ಇದೇ ಪಟ್ಟಿಯಿಂದ ಹೋಲಿಸಿದ ಅಧ್ಯಯನ 2004ರಲ್ಲಿ ಹೊರಬಂತು. ಫೇಲಾದವನು ದೂರುವುದು ಸಹಜ ಎಂದು ಕೆಲವರು ತಳ್ಳಿಹಾಕಬಹುದು. ನಾವೂ ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು, ಬೆತ್ತ ಹಿಡಿದವರೂ ಹೌದು. ಹಿಂದಿನ ಬೆಂಚಿನವನನ್ನು ನಾವು ಒಮ್ಮೆಯೂ ಕೇಳಲಿಲ್ಲ. ಅವನಿಗೆ ಗೊತ್ತಿದ್ದುದು ಮುಂದಿನ ಬೆಂಚಿಗೆ ಗೊತ್ತಿರಲಿಲ್ಲವೆಂದು ಈಗ ತಿಳಿಯುತ್ತದೆ.

ಆ ಪಟ್ಟಿಯ ಕೊರತೆಯನ್ನೂ ಹೇಳಬೇಕು. ಫೀಸೆಷ್ಟು, ಸಾಲವೆಷ್ಟು, ಪಾಠದ ಭಾಷೆ ತಿಳಿಯುತ್ತದೆಯೇ ಎಂಬುದು ಅದರಲ್ಲಿಲ್ಲ. ನಮ್ಮಲ್ಲಿ ಇವನ್ನು ಬಿಟ್ಟರೆ ಉಳಿಯುವುದೇನು? 1989ರಲ್ಲಿ ನಮ್ಮ ರಾಜ್ಯ ಸರಕಾರವೇ ಖಾಸಗಿ ವೈದ್ಯಕೀಯ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ದರ ಕಟ್ಟಿತ್ತು. ಒಂದೇ ಕೋಣೆ, ಒಂದೇ ಪಾಠ, ಮೂರು ದರ! ಸುಪ್ರೀಂ ಕೋರ್ಟು 1992ರಲ್ಲಿ ಕ್ಯಾಪಿಟೇಷನ್ ವಸೂಲಿ ತಪ್ಪೆಂದಿತು. ಮುಂದೆ ಅದು ಬೇರೆ ಹೆಸರಿನಲ್ಲಿ ಬಂದ ಕಥೆ ಮಗಳನ್ನೋ ಮಗನನ್ನೋ ಓದಿಸುವ ವ್ಯಾಪಾರಿಗಳಿಗೆ ನಾವು ಹೇಳಬೇಕಾಗಿಲ್ಲ.

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ದೇಶದ 25 ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ವಿದ್ಯಾರ್ಥಿಗಳನ್ನು ವಿಚಾರಿಸಿತು. ಸುಮಾರು ನೂರಕ್ಕೆ 28 ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದರು.

ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಕಾಲೇಜಿನಲ್ಲೂ ವರ್ಷಕ್ಕೊಮ್ಮೆ, ಹೆಸರು ಬರೆಸದೆ, ವಿದ್ಯಾರ್ಥಿಗಳನ್ನು ಕೇಳಬೇಕು. ಫೀಸಿನ ಪ್ರಶ್ನೆ, ಭಾಷೆಯ ಪ್ರಶ್ನೆ ಸೇರಿಸಬೇಕು. ಬಂದ ಅಂಕವನ್ನು ಪ್ರಿನ್ಸಿಪಾಲರ ಬೀರುವಿನಲ್ಲಿಡದೆ ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಗೆ ಹಚ್ಚಬೇಕು. ಮಕ್ಕಳು ವೈದ್ಯಕೀಯ ಓದುತ್ತಿರುವ ಸಂಗಾತಿಗಳು ಭಾನುವಾರ ಬೆಳಿಗ್ಗೆ ಯೂನಿಯನ್ ಕಚೇರಿಗೆ ಬನ್ನಿ. ಮನವಿಗೆ ಮೊದಲ ರುಜು ಆ ನೂಲು ಖಾತೆಯ ಸಂಗಾತಿಯದು, ನಿನ್ನೆಯೇ ಹಾಕಿದ್ದಾರೆ.